ಪಿಎಸ್2 ಅಂದ್ರೆ ಬರೀ ಸ್ಯಾನ್ ಆಂಡ್ರಿಯಾಸ್ ಅಲ್ಲ ಗುರು

ಪಿಎಸ್2, ಅಂದ್ರೆ ಟೀವಿಗೆ ಹಾಕಿ ಗೇಮ್ ಆಡೋ ಸೋನಿಯ ಹಳೇ ಪ್ಲೇಸ್ಟೇಷನ್ 2, ಅದ್ರ ಬಗ್ಗೆ ಯಾರೇ ಮಾತು ತೆಗೀಲಿ ಅದೇ ನಾಲ್ಕು ಗೇಮ್ ಹೆಸ್ರು, ಸ್ಯಾನ್ ಆಂಡ್ರಿಯಾಸ್, ಗಾಡ್ ಆಫ್ ವಾರ್, ಟೆಕ್ಕನ್ 5, ಸ್ಮ್ಯಾಕ್‌ಡೌನ್. ಒಳ್ಳೇ ಗೇಮ್‌ಗಳೇ, ಇಲ್ಲ ಅಂದೋರ್ಯಾರು. ಆದ್ರೆ 2000ದಲ್ಲಿ ಬಂದು 15 ಕೋಟಿಗಿಂತ ಜಾಸ್ತಿ ಮಾರಾಟ ಆದ ಕನ್ಸೋಲ್ ಇದು, ಇದಕ್ಕೆ ಸಾವಿರಾರು ಗೇಮ್ ಬಂದಿವೆ, ಅದ್ರಲ್ಲಿ ದುಡ್ಡು ಕೊಟ್ಟು ಗೇಮ್ ಆಡೋ ಪಾರ್ಲರ್ ಹುಡುಗ್ರಿಗೆ ಮಾತ್ರ ಗೊತ್ತಿದ್ದ, ಹೆಸ್ರೂ ಕೇಳ್ದೆ ‘ಅಣ್ಣ ಆ ಸೈಕಲ್ ಗೇಮ್ ಹಾಕಣ್ಣ’ ಅಂತ ಕೂಗಿ ಆಡ್ತಿದ್ದ ಗೇಮ್‌ಗಳನ್ನ ಈಗ ಯಾರೂ ನೆನೆಸ್ಕೊಳ್ಳೋದೇ ಇಲ್ಲ. ಸೆಕೆಂಡ್ ಹ್ಯಾಂಡ್ ಸ್ಲಿಮ್ (ಪಿಎಸ್2ರ ತೆಳು ಮಾಡೆಲ್) ಒಂದು ತಗೊಂಡು ಅವನ್ನೆಲ್ಲ ಮತ್ತೆ ಆಡ್ತಾ ಇದೀನಿ, ಹಳೇ ಪ್ರೀತಿ ಪಕ್ಕಕ್ಕಿಟ್ಟು ಹೆಂಗಿದೆ ಅಂತ ಬರೀತೀನಿ. ಪೂರ್ತಿ ಪಕ್ಕಕ್ಕಿಡೋಕಾಗಲ್ಲ, ಅದು ಬೇರೆ ವಿಷ್ಯ.

ಆ ಸೈಕಲ್ ಗೇಮ್ ಹೆಸ್ರು ಡೌನ್‌ಹಿಲ್ ಡಾಮಿನೇಷನ್. 2003ರದ್ದು, ಮಾಡಿದ್ದು ಇನ್‌ಕಾಗ್ನಿಟೋ ಅನ್ನೋ ಅಮೆರಿಕದ ಸ್ಟುಡಿಯೋ, ತಂದಿದ್ದು ಸೋನಿ. ಕೆಲ್ಸ ಇಷ್ಟೇ, ಬೆಟ್ಟದ ತುದಿಯಿಂದ ಮೌಂಟನ್ ಬೈಕಲ್ಲಿ ಕೆಳಗಿಳೀಬೇಕು. ಆದ್ರೆ ಪಕ್ಕದಲ್ಲಿ ಬರ್ತಿರೋನಿಗೆ ಒದೀಬೋದು, ಗುದ್ದಬೋದು, ನೀರಿನ ಬಾಟ್ಲಿ ಎಸೀಬೋದು, ಹಾರುವಾಗ ಗಾಳೀಲಿ ಟ್ರಿಕ್ ಮಾಡಿದ್ರೆ ಜೋರಾಗಿ ಓಡೋಕೆ ಎನರ್ಜಿ ಸಿಗುತ್ತೆ. ರಿಸ್ಕ್ ತಗೊಂಡು ಟ್ರಿಕ್ ಮಾಡಿದ್ರೆ ಸ್ಪೀಡು, ಲ್ಯಾಂಡಿಂಗ್ ತಪ್ಪಿದ್ರೆ ಮೂಳೆ ಪುಡಿ, ಈ ಲೆಕ್ಕ ಇವತ್ತಿಗೂ ಎಷ್ಟು ಚೆನ್ನಾಗಿ ಕೂತಿದೆ ಅಂದ್ರೆ ಹೊಸ ರೇಸಿಂಗ್ ಗೇಮ್‌ಗಳಲ್ಲಿ ಕಾರಿನ ಪೇಂಟ್ ಬದ್ಲಾಯ್ಸೋಕೆ ಅರ್ಧ ಗಂಟೆ ಕಳ್ದು ಆಮೇಲೆ ರೇಸ್ ಆಡೋ ನನಗೆ ಇದು ಒಂಥರಾ ನಿರಾಳ. ಟ್ರ್ಯಾಕ್ ಅಂದ್ರೆ ಒಂದೇ ದಾರಿ ಅಲ್ಲ, ಗುಡ್ಡ ಪೂರ್ತಿ ನಿಮ್ದೇ, ಬಂಡೆ ಮೇಲಿಂದ ಹಾರಿ ಶಾರ್ಟ್‌ಕಟ್ ಹುಡ್ಕೊಳ್ಳಿ. ಯಾವ ಶಾರ್ಟ್‌ಕಟ್ ಎಲ್ಲಿ ಅನ್ನೋದು ಪಾರ್ಲರಲ್ಲಿ ದೊಡ್ಡ ಗುಟ್ಟು, ಫ್ರೆಂಡ್‌ಗೂ ಹೇಳ್ತಿರಲಿಲ್ಲ ಕೆಲವ್ರು.

ಚೀಟ್, ಅಂದ್ರೆ ಗೇಮಲ್ಲಿ ಅಡ್ಡದಾರಿ ಹಿಡಿಯೋಕೆ ಒತ್ತೋ ಬಟನ್ ಕೋಡ್, ಮಾತ್ರ ಎಲ್ರಿಗೂ ಬಾಯಿಪಾಠ. ಅಪ್, ಟ್ರಯಾಂಗಲ್, ಡೌನ್, ಎಕ್ಸ್, ಲೆಫ್ಟ್, ಸರ್ಕಲ್, ರೈಟ್, ಸ್ಕ್ವೇರ್. ಇದು ಬೀಗ ತೆಗೆಯೋ ಕೋಡ್ ಅಷ್ಟೇ, ಇದಾದ್ಮೇಲೆ ಮಿಕ್ಕಿದ್ ಚೀಟ್ ಹಾಕ್ಬೇಕು. ಮಗ್ಗಿ ಮರ್ತಿರೋ ಕೈಗೆ ಇದು ಇನ್ನೂ ನೆನಪಿದೆ ನೋಡಿ.

ಕೊರತೆ ಇಲ್ವಾ ಅಂದ್ರೆ ಇದೆ. ನಾಲ್ಕು ಜನ ಆಡಿದ್ರೆ ಸ್ಕ್ರೀನ್ ನಾಲ್ಕು ತುಂಡಾಗಿ ದೂರದ್ದೇನೂ ಕಾಣಲ್ಲ, ಒಬ್ರೇ ಆಡಿದ್ರೆ ಕರಿಯರ್ ಮೋಡ್ ಅರ್ಧಕ್ಕೇ ಬೋರು. ಐದಕ್ಕೆ ನಾಲ್ಕು ಕೊಡ್ತೀನಿ, ಪಕ್ಕದಲ್ಲಿ ಬೈಯೋಕೆ ಒಬ್ಬ ಇದ್ರೆ ಐದಕ್ಕೆ ಐದು.

ಇದೇ ಇನ್‌ಕಾಗ್ನಿಟೋದವ್ರದ್ದು ಅದೇ ವರ್ಷ ವಾರ್ ಆಫ್ ದ ಮಾನ್‌ಸ್ಟರ್ಸ್ ಬಂತು, ಹಳೇ ಅಮೆರಿಕನ್ ರಾಕ್ಷಸ ಸಿನಿಮಾಗಳ ಧಾಟೀಲಿ ದೈತ್ಯ ಗೊರಿಲ್ಲಾ, ಹಲ್ಲಿ, ರೋಬೋ ಎಲ್ಲ ಊರೊಳಗೆ ಹೊಡೆದಾಡೋದು, ಕಾರು ಎತ್ತಿ ಎಸೆಯೋದು, ಬಿಲ್ಡಿಂಗ್ ಬೀಳ್ಸೋದು. ಮಕ್ಕಳಿದ್ರೆ ಇದನ್ನೇ ಮೊದ್ಲು ಹಾಕಿ.

ಆಮೇಲೆ ಅರ್ಬನ್ ರೇನ್. 2005, ನ್ಯಾಮ್‌ಕೋ, ಅಂದ್ರೆ ಟೆಕ್ಕನ್ ಮಾಡಿದೋರೇ, ಅದಕ್ಕೇ ಟೆಕ್ಕನ್‌ನ ಪಾಲ್ ಮತ್ತೆ ಲಾ ಇದ್ರಲ್ಲೂ ಬರ್ತಾರೆ. ಕಥೆ ಸುಮಾರು, ಬ್ರ್ಯಾಡ್ ಹಾಕ್ ಅಂತ ಒಬ್ಬ ಬಾಡಿಗೆ ಫೈಟರು, ಗ್ಯಾಂಗು, ಊರು, 100 ಮಿಷನ್, ಬಿಟ್ಹಾಕಿ. ಫೈಟ್ ನೋಡಿ ಫೈಟ್! ಗಲ್ಲಿ ಜಗಳ ಹೆಂಗಿರುತ್ತೋ ಹಂಗೇ, ಮೂರ್ನಾಲ್ಕು ಜನ ಒಟ್ಟಿಗೆ ಮೇಲೆ ಬೀಳ್ತಾರೆ, ಸುಮ್ನೆ ಬಟನ್ ಕುಟ್ಟೋನು ಎರಡನೇ ಮಿಷನ್ನಲ್ಲೇ ಮಣ್ಣು ಮುಕ್ಕ್ತಾನೆ. ತಪ್ಪಿಸ್ಕೊಳ್ಳೋ ಟೈಮಿಂಗ್ ಬಂದ್ರೆ ಮಾತ್ರ ಗೇಮ್ ಕೈಗೆ ಹತ್ತುತ್ತೆ. ತಲೆ, ಎದೆ, ಕಾಲು ಅಂತ ಮೈಯಿನ ಭಾಗಕ್ಕೆ ಬೇರೆ ಬೇರೆ ಏಟು ಲೆಕ್ಕ ಇದೆ, ಎದುರಾಳಿ ಯಾವ ಭಾಗ ವೀಕು ಅಂತ ನೋಡಿ ಅಲ್ಲೇ ಹೊಡೀತಾ ಹೋಗ್ಬೇಕು. ಬಂದಾಗ ರಿವ್ಯೂ ಮಾಡಿದೋರು ಅಷ್ಟಕ್ಕಷ್ಟೇ ಅಂದ್ರು, ಕಷ್ಟ ಜಾಸ್ತಿ ಅಂದ್ರು. ನನ್ನ ಪ್ರಕಾರ ಅವ್ರು ಒಬ್ಬೊಬ್ಬರೇ ಕೂತು ಆಡಿರ್ತಾರೆ. ಮಲ್ಟಿಟ್ಯಾಪ್ (ಎರಡಕ್ಕಿಂತ ಜಾಸ್ತಿ ಕಂಟ್ರೋಲರ್ ಚುಚ್ಚೋಕೆ ಬೇಕಾದ ಡಬ್ಬಿ) ಹಾಕಿ ನಾಲ್ಕು ಜನ ಒಂದೇ ಸ್ಕ್ರೀನಲ್ಲಿ ಆಡಿದ್ರೆ ಇದು ಪಿಎಸ್2ಲೇ ಬೆಸ್ಟ್ ಫೈಟಿಂಗ್ ಗೇಮ್, ಟೆಕ್ಕನ್ ಫ್ಯಾನ್‌ಗಳು ಬೈದ್ರೂ ಪರ್ವಾಗಿಲ್ಲ.

ಗಾಡ್ ಹ್ಯಾಂಡ್ ಬಗ್ಗೆ ಹೇಳ್ದೆ ಇದ್ರೆ ಪಾಪ ಬರುತ್ತೆ. ರೆಸಿಡೆಂಟ್ ಈವಿಲ್ ಮಾಡಿದ ಶಿಂಜಿ ಮಿಕಾಮಿನೇ ಡೈರೆಕ್ಟರು, ಕ್ಯಾಪ್‌ಕಾಮ್‌ನ ಕ್ಲೋವರ್ ಸ್ಟುಡಿಯೋ, 2006. ಗೇಮ್ ರಿವ್ಯೂ ಮಾಡೋ ವೆಬ್‌ಸೈಟ್ ಐಜಿಎನ್‌ನವ್ರು ಹತ್ತಕ್ಕೆ ಮೂರು ಕೊಟ್ಟಿದ್ರು, ಸ್ಟುಡಿಯೋನೂ ಸ್ವಲ್ಪ ದಿನಕ್ಕೆ ಮುಚ್ಚೋಯ್ತು. ಗ್ರಾಫಿಕ್ಸ್ ಬಡಪಾಯಿ, ಕ್ಯಾಮೆರಾ ಬೆನ್ನಿಗಂಟ್ಕೊಂಡಿರುತ್ತೆ, ಹಿಂದಿಂದ ಯಾರು ಹೊಡೆದ್ರು ಅಂತಾನೇ ಗೊತ್ತಾಗಲ್ಲ. ಆದ್ರೆ ನಿಮ್ಮ ಪಟ್ಟುಗಳನ್ನ ನೀವೇ ಆರಿಸಿ ಜೋಡಿಸ್ಕೊಳ್ಳೋದು, ನೀವು ಚೆನ್ನಾಗಿ ಆಡಿದಷ್ಟೂ ಗೇಮೇ ಕಷ್ಟ ಆಗ್ತಾ ಹೋಗೋದು, ಒದೆ ತಿಂದ್ರೆ ಮತ್ತೆ ಸಲೀಸಾಗೋದು, ಇಷ್ಟು ಬುದ್ಧಿ ಆಗಿನ ಕಾಲಕ್ಕೆ ಕಮ್ಮಿ ಗೇಮಲ್ಲಿತ್ತು. ಮಧ್ಯೆ ಕುಸ್ತಿ ಡ್ರೆಸ್ ಹಾಕಿರೋ ಗೊರಿಲ್ಲಾ ಜತೆ ಫೈಟ್ ಬರುತ್ತೆ, ಯಾಕೆ ಅಂತ ಕೇಳ್ಬೇಡಿ. ತಾಳ್ಮೆ ಇಲ್ದೋರು ದಯವಿಟ್ಟು ಮುಟ್ಬೇಡಿ, ಕಂಟ್ರೋಲರ್ ದುಡ್ಡು ದಂಡ.

ಬ್ಲ್ಯಾಕ್ ಅನ್ನೋ ಗನ್ ಗೇಮೂ ಈ ಲಿಸ್ಟಿಗೆ ಸೇರಿಸಿ ಅಂತಾರೆ ಫ್ರೆಂಡ್ಸ್. ಬರ್ನ್‌ಔಟ್ ಅನ್ನೋ ಕಾರ್ ರೇಸ್ ಗೇಮ್ ಮಾಡಿದ ಕ್ರೈಟೀರಿಯನ್‌ನವ್ರದ್ದು, 2006, ಗನ್ ಸೌಂಡ್ ಇವತ್ತಿಗೂ ಎದೆಗೆ ಬಡಿಯುತ್ತೆ, ಒಪ್ಕೋತೀನಿ. ಆದ್ರೆ ಬೇಗ ಮುಗ್ದೋಗುತ್ತೆ, ಇಬ್ರು ಆಡೋಕೆ ಆಗಲ್ಲ. ನನಗೆ ಬೇಡ.

ಈಗ ತಗೊಳ್ಳೋರಿಗೆ ಎರಡು ಮಾತು. ಡಿಸ್ಕ್ ಓದೋ ಲೇಸರ್ ಚೆಕ್ ಮಾಡ್ದೆ ಕನ್ಸೋಲ್ ತಗೋಬೇಡಿ, ಡಿಸ್ಕ್ ಹಾಕಿ ಒಂದು ಲೆವೆಲ್ ಆಡಿ ನೋಡಿ. ದೊಡ್ಡ ಎಲ್‌ಇಡಿ ಟೀವೀಲಿ ಹಳದಿ-ಕೆಂಪು-ಬಿಳಿ ಕೇಬಲ್ಲಲ್ಲಿ ಹಾಕಿದ್ರೆ ಚಿತ್ರ ಮಸುಕು ಮಸುಕು, ಬಟನ್ ಒತ್ತಿದ್ದೂ ಲೇಟಾಗಿ ತಗೊಳುತ್ತೆ, ಅರ್ಬನ್ ರೇನ್ ಅಂಥ ಟೈಮಿಂಗ್ ಗೇಮಿಗೆ ಅದೇ ವಿಷ. ಅಟ್ಟದ ಮೇಲೆ ಹಳೇ ಡಬ್ಬಾ ಟೀವಿ ಇನ್ನೂ ಇದ್ರೆ ಗುಜರಿಗೆ ಹಾಕ್ಬೇಡಿ, ಇಲ್ದಿದ್ರೆ ಕಾಂಪೊನೆಂಟ್ ಕೇಬಲ್ ಆದ್ರೂ ತಗೊಳಿ. ಮಲ್ಟಿಟ್ಯಾಪ್ ತಗೊಳ್ಳೋವಾಗ ದಪ್ಪ ಮಾಡೆಲ್ದು ಬೇರೆ, ಸ್ಲಿಮ್‌ದು ಬೇರೆ, ಅಂಗಡಿಯವ್ನು ‘ಎಲ್ಲಾದಕ್ಕೂ ಆಗುತ್ತೆ ಸಾರ್’ ಅಂದ್ರೆ ಅಲ್ಲೇ ಚುಚ್ಚಿ ತೋರ್ಸು ಅನ್ನಿ.