ವಸಡಿನ ರಕ್ತಕ್ಕೆ ಉಪ್ಪುನೀರೋ, ಮೌತ್‌ವಾಷೋ, ಕ್ಲೀನಿಂಗೋ?

ಹಲ್ಲುಜ್ಜುವಾಗ ರಕ್ತ ಕಂಡರೆ ಮೊದಲ ಮದ್ದು ಉಪ್ಪುನೀರು. ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು. ನೋವು, ಊತ ತುಸು ಇಳಿಯುತ್ತದೆ. ಹಲ್ಲಿಗಂಟಿದ ಕಿಟ್ಟ ಮಾತ್ರ ಚೂರೂ ಕರಗುವುದಿಲ್ಲ. ಲವಂಗದೆಣ್ಣೆ ನೋವು ಮರೆಸುತ್ತದೆ, ಅಷ್ಟೇ. ತೆಳುಮಾಡದೆ ಹಾಗೆಯೇ ಹಚ್ಚಿದರೆ ವಸಡು ಸುಡುತ್ತದೆ.

ಕ್ಲೋರ್‌ಹೆಕ್ಸಿಡಿನ್ ಮೌತ್‌ವಾಷ್ ಇದಕ್ಕಿಂತ ಬಲವಾದದ್ದು. ಶೇ 0.2ರದ್ದಾದರೆ 10 ಮಿ.ಲೀ., ದಿನಕ್ಕೆರಡು ಸಲ, ಒಂದು ನಿಮಿಷ ಮುಕ್ಕಳಿಸಿ ಉಗುಳಬೇಕು. ಪೇಸ್ಟಿನಲ್ಲಿ ಉಜ್ಜಿದ ಕೂಡಲೇ ಬಳಸಿದರೆ ನೊರೆ ಬರಿಸುವ ಅಂಶ ಔಷಧದ ಬಲ ಕುಂದಿಸುತ್ತದೆ, ಅರ್ಧ ಗಂಟೆ ಬಿಡಿ. ಕೊಡಗಿನವರಿಗೆ ದೊಡ್ಡ ತೊಡಕು ಕಾಫಿ. ಮುಕ್ಕಳಿಸಿದ ಬೆನ್ನಿಗೇ ಬೆಲ್ಲದ ಕಾಫಿ ಕುಡಿದರೆ ಹಲ್ಲಿಗೆ ಕಂದು ಕರೆ ಬೇಗ ಹಿಡಿಯುತ್ತದೆ. ಕಾಫಿ ಮುಗಿಸಿ, ಬಾಯಿ ತೊಳೆದು, ಆಮೇಲೆ ಮುಕ್ಕಳಿಸಿ. ವೈದ್ಯರು ಹೇಳದೆ ಎರಡು ವಾರ ದಾಟಿಸಬೇಡಿ. ನಾಲಗೆಯ ರುಚಿಯೂ ಕೆಡುತ್ತದೆ.

ಇವೆಲ್ಲ ಮೇಲ್ಮೈಯ ಕೆಲಸ. ಹಲ್ಲು–ವಸಡಿನ ನಡುವಿನ ಸಂದು ಸರಿಯಿದ್ದಾಗ 1ರಿಂದ 3 ಮಿ.ಮೀ. ಆಳ. ಅದಕ್ಕಿಂತ ಆಳವಾದಲ್ಲಿಗೆ ಮುಕ್ಕಳಿಸಿದ ನೀರು ಸರಿಯಾಗಿ ಇಳಿಯುವುದಿಲ್ಲ. ಆದ್ದರಿಂದ ಹಣ ಖರ್ಚು ಮಾಡುವ ಮೊದಲು ಆಳ ಅಳೆಸಿ, ಹಲ್ಲೊಂದಕ್ಕೆ ಆರು ಕಡೆ. ವಿರಾಜಪೇಟೆಯ ದಂತ ಕಾಲೇಜಿನಲ್ಲಿ ವಸಡಿಗೇ ವಿಭಾಗವಿದೆ.

3 ಮಿ.ಮೀ. ಒಳಗಿದ್ದರೆ ಸ್ಕೇಲಿಂಗ್, ಅಂದರೆ ಸಾಮಾನ್ಯ ಕ್ಲೀನಿಂಗ್ ಸಾಕು. ಕ್ಲೀನಿಂಗಿನಿಂದ ಹಲ್ಲು ಸಡಿಲವಾಯಿತು ಎನ್ನುವವರು ಬಹಳ. ನಿಜಕ್ಕೂ ಹಲ್ಲು ಹಿಡಿದಿಡುವ ಮೂಳೆ ಮೊದಲೇ ಕರಗಿರುತ್ತದೆ, ಕಿಟ್ಟ ಅದನ್ನು ಮುಚ್ಚಿಟ್ಟಿರುತ್ತದೆ. 4 ಮಿ.ಮೀ. ದಾಟಿ ಮೂಳೆಯೂ ಕರಗಿದ್ದರೆ ರೂಟ್ ಪ್ಲೇನಿಂಗ್: ಮರಗಟ್ಟಿಸಿ ವಸಡಿನ ಕೆಳಗೆ ಬೇರನ್ನು ಕೆರೆದು ನುಣುಪು ಮಾಡುತ್ತಾರೆ. ಕೆಲವು ವಾರ ತಣ್ಣೀರು ಜುಮ್ಮೆನ್ನುತ್ತದೆ. ಪೊಟ್ಯಾಸಿಯಂ ನೈಟ್ರೇಟ್ ಇರುವ ಪೇಸ್ಟ್ ಒಳ್ಳೆಯದು. ನಮ್ಮ ಲೆಕ್ಕದಲ್ಲಿ ಸಂದು ಹೀಗೆ ಆಳವಾದವರಲ್ಲಿ ಹೆಚ್ಚಿನವರಿಗೆ ತಕ್ಕ ಚಿಕಿತ್ಸೆ ರೂಟ್ ಪ್ಲೇನಿಂಗೇ. ಇದರ ಮೇಲೆ ಲೇಸರ್ ಸೇರಿಸಿದರೆ ಸಿಗುವ ಹೆಚ್ಚುವರಿ ಲಾಭ ಸಣ್ಣದು, ಆ ಹಣಕ್ಕೆ ಹಲ್ಲಿನ ಸಂದಿಗೆ ಹಾಕುವ ಪುಟ್ಟ ಬ್ರಷ್ ಕೊಳ್ಳಿ.

ಫ್ಲಾಪ್ ಸರ್ಜರಿ ಕೊನೆಗೆ, ಪ್ಲೇನಿಂಗ್ ಆದ ಮೇಲೂ 6 ಮಿ.ಮೀ. ಆಳ ಹಾಗೇ ಉಳಿದಿದ್ದರೆ. ವಸಡು ಬಿಡಿಸಿ, ಕಂಡು ಶುಚಿ ಮಾಡಿ ಹೊಲಿಯುತ್ತಾರೆ. ವಸಡು ಇಳಿದು ಹಲ್ಲು ಉದ್ದವಾಗಿ ಕಾಣುತ್ತದೆ, ಇದನ್ನು ಮೊದಲೇ ತಿಳಿದಿರಬೇಕು. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದಿದ್ದರೆ, ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಬಿಡದಿದ್ದರೆ ಯಾವ ಚಿಕಿತ್ಸೆಯೂ ಸರಿಯಾಗಿ ಹಿಡಿಯುವುದಿಲ್ಲ.

ಪ್ಲೇನಿಂಗ್ ಆಗಿ 6ರಿಂದ 8 ವಾರಕ್ಕೆ ಮತ್ತೆ ಆಳ ಅಳೆಸಬೇಕು. ಕಾಫಿ ಕುಯ್ಲಿನಲ್ಲಿ ತಪ್ಪಿಹೋಗುವುದು ಇದೇ. ಸೆಪ್ಟೆಂಬರಿನಲ್ಲಿ ಶುರುಮಾಡಿದರೆ ಕುಯ್ಲಿಗೆ ಮೊದಲು ಎರಡೂ ಮುಗಿಯುತ್ತವೆ.