ಕಾರ್ಡ್ ಪುಸ್ತಕ, ಬೋರ್ಡ್, ಟ್ಯಾಬ್: ಮಾತು ಬಾರದ ಮಗುವಿಗೆ ಮಲೆನಾಡಿನ ಮನೆಯಲ್ಲಿ ಯಾವುದು ಒದಗುತ್ತದೆ?

ಮಾತು ಇನ್ನೂ ಬಾರದ, ಅಥವಾ ನಾಲ್ಕಾರು ಪದಕ್ಕೇ ನಿಂತಿರುವ ಆಟಿಸಂ ಮಗುವಿಗೆ ತನಗೆ ಬೇಕಾದ್ದನ್ನು ತಿಳಿಸಲು ಮೊದಲು ಕೊಡಬೇಕಾದ್ದು ವೆಲ್ಕ್ರೋ ಅಂಟಿಸಿದ ಚಿತ್ರಕಾರ್ಡುಗಳ ಪುಸ್ತಕ. ಟ್ಯಾಬ್ ಆಮೇಲೆ. ಬೆರಳಿಟ್ಟು ತೋರಿಸುವ ಚಿತ್ರಗಳ ಒಂದೇ ಹಾಳೆಯ ಬೋರ್ಡ್ ಎರಡರ ಜೊತೆಗೂ ಇರಲಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಮನೆಗಳ ಮಟ್ಟಿಗಂತೂ ನನಗೆ ಇದರಲ್ಲಿ ಅನುಮಾನವಿಲ್ಲ. ಮೂರನ್ನೂ ಬಳಸಿ, ಬಳಸುವುದನ್ನು ಕಲಿಸಿ ನೋಡಿಯೇ ಹೇಳುತ್ತಿದ್ದೇನೆ. ಬಹಳ ಮಂದಿ ತಂದೆತಾಯಿ ಟ್ಯಾಬಿಗೆ ಹತ್ತು ಹದಿನೈದು ಸಾವಿರ ಸುರಿದ ಮೇಲೆ ಕಾರ್ಡಿನ ವಿಚಾರ ಕೇಳಲು ಬರುತ್ತಾರೆ. ಮೊದಲು ಕೇಳಿದ್ದರೆ ಆ ದುಡ್ಡು ಥೆರಪಿಗೆ ಉಳಿಯುತ್ತಿತ್ತು.

ಚಿತ್ರ ಕೊಟ್ಟರೆ ಮಗು ಮಾತಾಡುವುದನ್ನೇ ಬಿಟ್ಟೀತು ಎಂಬ ಭಯ ಎಲ್ಲ ಮನೆಯಲ್ಲೂ ಇದೆ. ಅದಕ್ಕೆ ಆಧಾರವಿಲ್ಲ. ಈ ಬಗೆಯ ಸಾಧನ ಬಳಸಿದವರ ಬಗ್ಗೆ ಅದುವರೆಗೆ ಆಗಿದ್ದ ಅಧ್ಯಯನಗಳನ್ನು 2006ರಲ್ಲಿ ಒಟ್ಟಿಗೆ ಇಟ್ಟು ಪರಿಶೀಲಿಸಲಾಯಿತು. ನಂಬಲರ್ಹ ಎನಿಸಿದ ಅಧ್ಯಯನಗಳಲ್ಲಿದ್ದ 27 ಜನರಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ಹೆಚ್ಚಿನವರಲ್ಲಿ ಸ್ವಲ್ಪ ಮಾತು ಹೆಚ್ಚಿತ್ತು. ಅಜ್ಜ ಅಜ್ಜಿಗೆ ಇದನ್ನು ಮೊದಲೇ ಹೇಳಿಬಿಡಿ. ಅವರು ಒಪ್ಪದ ಮನೆಯಲ್ಲಿ ಪುಸ್ತಕ ಬೀರು ಸೇರುತ್ತದೆ.

ಕಾರ್ಡು ಗೆಲ್ಲುವುದು ಒಂದೇ ಕಾರಣಕ್ಕೆ: ಮಗು ಅದನ್ನು ಕಿತ್ತು ಇನ್ನೊಬ್ಬರ ಕೈಗೆ ಕೊಡಬೇಕು. ಬೋರ್ಡಿನಲ್ಲಾಗಲಿ ಟ್ಯಾಬಿನಲ್ಲಾಗಲಿ ಯಾರೂ ಇಲ್ಲದಿದ್ದರೂ ಬೆರಳಿಡಬಹುದು. ಕಾರ್ಡು ಕೊಡಲು ಎದುರಿಗೊಬ್ಬರು ಬೇಕೇ ಬೇಕು. ಬಾಂಡಿ ಮತ್ತು ಫ್ರಾಸ್ಟ್ ಎಂಬಿಬ್ಬರು 1985ರಲ್ಲಿ ಅಮೆರಿಕದಲ್ಲಿ ರೂಪಿಸಿದ ಪೆಕ್ಸ್, ಅಂದರೆ ಚಿತ್ರ ಕೊಟ್ಟು ಕೇಳಿ ಪಡೆಯುವುದನ್ನು ಕಲಿಸುವ ಕ್ರಮದ ಆರು ಹಂತಗಳಲ್ಲಿ ಮೊದಲನೆಯದೇ ಇದು. ಕಲಿಸಲು ಇಬ್ಬರು ಬೇಕು. ಎದುರಿಗಿರುವವರು ಮಗುವಿಗೆ ಇಷ್ಟವಾದ ವಸ್ತು, ಅಂದರೆ ಹಪ್ಪಳವೋ ಬಾಳೆಹಣ್ಣಿನ ತುಂಡೋ ಹಿಡಿದಿರುತ್ತಾರೆ. ಮಗು ಅದಕ್ಕೆ ಕೈ ಚಾಚಿದ ಕ್ಷಣ ಹಿಂದೆ ಕೂತವರು ಆ ಕೈ ಹಿಡಿದು ಕಾರ್ಡು ಎತ್ತಿಸಿ, ಎದುರಿನವರ ಅಂಗೈಗೆ ಹಾಕಿಸುತ್ತಾರೆ. ಕಾರ್ಡು ಬಿದ್ದ ಕೂಡಲೆ "ಹಪ್ಪಳ" ಎಂದು ಹೇಳಿ ಕೊಡಬೇಕು. ಹಿಂದೆ ಕೂತವರು ಬಾಯಿ ಬಿಡಕೂಡದು. ಎದುರಿನವರು "ಏನು ಬೇಕು ಮರಿ?" ಎಂದು ಕೇಳಲೂಕೂಡದು, ಕೇಳಿದರೆ ಮಗು ಪ್ರಶ್ನೆಗಾಗಿ ಕಾಯುವುದನ್ನು ಕಲಿಯುತ್ತದೆ. ಸಹಾಯವನ್ನು ಕೊನೆಯಿಂದ ಹಿಂದಕ್ಕೆ ಕಡಿಮೆ ಮಾಡುತ್ತ ಬನ್ನಿ: ಮೊದಲು ಅಂಗೈಗೆ ಹಾಕುವುದನ್ನು ಮಗುವೇ ಮಾಡಲಿ, ಆಮೇಲೆ ಚಾಚುವುದು, ಕಡೆಗೆ ಎತ್ತುವುದು.

ಇನ್ನು ಕಾರ್ಡಿನ ನಿಜವಾದ ಕಾಟ: ಮಳೆಗಾಲ. ಆರಿದ್ರಾ ಮಳೆ ಹಿಡಿಯಿತೆಂದರೆ ಕಾರ್ಡುಗಳ ಅಂಚು ಬಾಯಿಬಿಡುತ್ತದೆ, ಒಳಗಿನ ಬಣ್ಣ ಹರಡುತ್ತದೆ, ಬೂಷ್ಟು ಹಿಡಿಯುತ್ತದೆ, ವೆಲ್ಕ್ರೋ ಕಳಚಿ ಬೀಳುತ್ತದೆ. ಮಗು ಕಲಿಯುತ್ತಿರುವ ಹೊತ್ತಿನಲ್ಲೇ ಹೀಗಾದರೆ ಕಷ್ಟ ಇಮ್ಮಡಿ. ಚಿತ್ರ ಮಸುಕಾದ ಕಾರ್ಡನ್ನು ಕೆಲವು ಮಕ್ಕಳು ಬೇರೆಯದೇ ಕಾರ್ಡು ಎಂದು ತಿಳಿಯುತ್ತಾರೆ.

ತಪ್ಪುವುದು ಲ್ಯಾಮಿನೇಷನ್ ಮಾಡುವ ಕ್ರಮದಲ್ಲಿ. ಅಂಗಡಿಯವರು ಎ4 ಹಾಳೆಯನ್ನು ಇಡಿಯಾಗಿ ಲ್ಯಾಮಿನೇಟ್ ಮಾಡಿ ಆಮೇಲೆ ಕತ್ತರಿಸಿ ಕೊಡುತ್ತಾರೆ. ಹಾಗೆ ಕತ್ತರಿಸಿದಾಗ ನಾಲ್ಕೂ ಬದಿಯಲ್ಲಿ ಕಾಗದದ ಅಂಚು ತೆರೆದುಕೊಳ್ಳುತ್ತದೆ. ಕಾಗದ ಅಲ್ಲಿಂದ ಗಾಳಿಯ ಥಂಡಿ ಹೀರಿ ಉಬ್ಬಿ ಪ್ಲಾಸ್ಟಿಕ್ಕಿನ ಪದರವನ್ನು ಬಿಡಿಸುತ್ತದೆ. ಆದ್ದರಿಂದ ಮೊದಲು ಚಿತ್ರಗಳನ್ನು 5 ಸೆಂ.ಮೀ. ಚೌಕಗಳಾಗಿ ಬಿಡಿಬಿಡಿಯಾಗಿ ಕತ್ತರಿಸಿ. ಲ್ಯಾಮಿನೇಷನ್ ಕವರಿನೊಳಗೆ ಒಂದಕ್ಕೊಂದು ಒಂದು ಸೆಂ.ಮೀ. ದೂರ ಬಿಟ್ಟು ಜೋಡಿಸಿ. ಒಂದು ಕವರಿಗೆ ಹನ್ನೆರಡು ಸಾಕು. ಬಿಸಿ ಯಂತ್ರದಲ್ಲಿ ಹಾಯಿಸಿದ ಮೇಲೆ ಪ್ರತಿ ಚಿತ್ರದ ಸುತ್ತ 3ರಿಂದ 4 ಮಿ.ಮೀ. ಬರೀ ಪ್ಲಾಸ್ಟಿಕ್ ಉಳಿಯುವಂತೆ ಕತ್ತರಿಸಿ. ಆ ಅಂಚೇ ಕಾರ್ಡಿನ ಆಯಸ್ಸು. ಕವರು 250 ಮೈಕ್ರಾನ್ ದಪ್ಪದ್ದಿರಲಿ, 125ರದು ಮಗುವಿನ ಕೈಯಲ್ಲಿ ಮಡಚಿಹೋಗುತ್ತದೆ. ಮೂಲೆಗಳನ್ನು ಉಗುರು ಕತ್ತರಿಯಿಂದ ದುಂಡಗೆ ಮಾಡಿ, ಇಲ್ಲದಿದ್ದರೆ ಚುಚ್ಚುತ್ತವೆ. ಪ್ರಿಂಟು ಲೇಸರ್‌ನಲ್ಲೇ ತೆಗೆಸಿ. ಅದರ ಬಣ್ಣ ಕಾಗದದ ಮೇಲೆ ಕರಗಿ ಕೂತ ಪುಡಿ, ನೀರಿಗೆ ಹರಡುವುದಿಲ್ಲ. ಸಾಮಾನ್ಯ ಇಂಕ್‌ಜೆಟ್ ಶಾಯಿ ಹರಡುತ್ತದೆ. ಒದ್ದೆಯಾದವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಬೇಡಿ, ಶಾಖಕ್ಕೆ ಸುರುಳಿಯಾಗುತ್ತವೆ.

ವೆಲ್ಕ್ರೋ ಬಿಡುವುದಕ್ಕೆ ಬೇರೆ ಕಾರಣ. ದೊಡ್ಡ ತುಂಡು ಹಾಕಿದರೆ ಅದರ ಹಿಡಿತ ಅಂಟಿಗಿಂತ ಜೋರು, ಮಗು ಎಳೆದಾಗ ಕಾರ್ಡು ಕೈಗೆ ಬಂದು ವೆಲ್ಕ್ರೋ ಪುಸ್ತಕದಲ್ಲೇ ಉಳಿಯುತ್ತದೆ. ಕಾರ್ಡಿಗೆ ಒಂದು ಸೆಂ.ಮೀ. ತುಂಡು ಸಾಕು. ಅಂಟಿಸುವ ಮುಂಚೆ ಸ್ಪಿರಿಟ್‌ನಿಂದ ಒರೆಸಿ, ಅಂಟಿಸಿದ ಮೇಲೆ ಭಾರ ಹೇರಿ ಒಂದು ದಿನ ಬಿಡಿ. ಪುಸ್ತಕದ ಕಡೆ ಮಾತ್ರ ಅಂಟು ಬೇಡ: ದಪ್ಪ ರೆಕ್ಸಿನ್ ಹಾಳೆಗಳಿಗೆ ಪಟ್ಟಿಗಳನ್ನು ದರ್ಜಿಯ ಹತ್ತಿರ ಹೊಲಿಸಿ. ಶಿವಮೊಗ್ಗದಲ್ಲಿ ಗಾಂಧಿ ಬಜಾರಿನ ಕಡೆ ಟೈಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ಅಂಟಿಲ್ಲದ ವೆಲ್ಕ್ರೋ ಮೀಟರ್ ಲೆಕ್ಕದಲ್ಲಿ ಕೇಳಿ. ಕಾರ್ಡಿಗೆ ಮೃದು ಬದಿ, ಪುಸ್ತಕಕ್ಕೆ ಒರಟು ಬದಿ. ಅದಲು ಬದಲಾದರೆ ಕಾರ್ಡುಗಳು ಸ್ವೆಟರಿಗೆ ಅಂಟಿಕೊಂಡು ಊರೆಲ್ಲ ತಿರುಗುತ್ತವೆ. ಏನು ಸಿಕ್ಕರೂ ಬಾಯಿಗೆ ಹಾಕುವ ಮಗುವಾದರೆ ವೆಲ್ಕ್ರೋ ತುಂಡುಗಳನ್ನು ದಿನಾ ಎಳೆದು ನೋಡಿ.

ಚಿತ್ರಗಳು ಮನೆಯದ್ದೇ ಇರಲಿ. ಮಗು ನೀರು ಕುಡಿಯುವ ಅದೇ ಲೋಟ, ಅದೇ ಅಕ್ಕಿ ರೊಟ್ಟಿ, ಅದೇ ಉಯ್ಯಾಲೆ. ಬಿಳಿ ಪಂಚೆಯ ಮೇಲಿಟ್ಟು ಫೋಟೋ ತೆಗೆದರಾಯಿತು. ತಯಾರು ಸಿಗುವ ಕಾರ್ಡಿನ ಕಟ್ಟು ಕೊಳ್ಳಬೇಡಿ ಎನ್ನಲು ಇನ್ನೊಂದು ಕಾರಣವೂ ಇದೆ. ಕಾರ್ಡುಗಳನ್ನು ಸಾಲಾಗಿ ಅಂಟಿಸಿ ವಾಕ್ಯ ಮಾಡುವ ಅವುಗಳ ಪಟ್ಟಿ ಇಂಗ್ಲಿಷಿನ ಕ್ರಮದಲ್ಲಿ 'ನನಗೆ ಬೇಕು' ಎಂಬ ಕಾರ್ಡನ್ನು ಮೊದಲು ಇಡಿಸುತ್ತದೆ. ನಮ್ಮ ಮಗು ಮನೆಯಲ್ಲಿ ಕೇಳುವುದು "ನೀರು ಬೇಕು". ಪೆಕ್ಸ್‌ನ ನಾಲ್ಕನೇ ಹಂತದಲ್ಲಿ ವಾಕ್ಯ ಜೋಡಿಸುವಾಗ ಎಡಕ್ಕೆ ವಸ್ತು, ಬಲಕ್ಕೆ 'ಬೇಕು' ಇಡಿ.

'ಬೇಡ', 'ನೋವು', 'ಸಾಕು' ಕಾರ್ಡುಗಳು ಬೇಗ ಬರಲಿ. ಒಂದು ವಸ್ತು ಆ ದಿನ ಇಲ್ಲವೆಂದರೆ ಕಾರ್ಡನ್ನು ಅಡಗಿಸಬೇಡಿ. ಅದರ ಮೇಲೆ ಕೆಂಪು ಗೀಟಿನ ಪಾರದರ್ಶಕ ತುಂಡು ಹಚ್ಚಿ 'ಇವತ್ತಿಲ್ಲ' ಎಂದು ತೋರಿಸಿ.

ಬೋರ್ಡಿನ ಬಗ್ಗೆ ಹೇಳುವುದು ಕಡಿಮೆ. ಎ4 ಹಾಳೆಯಲ್ಲಿ ಹದಿನೈದು ಇಪ್ಪತ್ತು ಚಿತ್ರ: ಬೇಕು, ಬೇಡ, ಇನ್ನೂ, ಸಾಕು, ಬಾ, ಹೋಗು, ಕೊಡು, ಬಚ್ಚಲು, ನೋವು. ಇದನ್ನು ನಾವು ಮಾತಾಡುವಾಗ ನಾವೇ ಬೆರಳಿಟ್ಟು ತೋರಿಸಲಿಕ್ಕೆ ಬಳಸಬೇಕು. ಬಚ್ಚಲ ಬಾಗಿಲಿಗೊಂದು, ಬಸ್ಸಿನ ಚೀಲಕ್ಕೊಂದು, ಅಂಗನವಾಡಿಗೊಂದು. ಹರಿದರೆ ಇನ್ನೊಂದು. ಬೆರಳಿಟ್ಟು ತೋರಿಸುವುದು ಇನ್ನೂ ಬಾರದ ಮಗುವಿಗೆ ಇದೊಂದೇ ಸಾಲದು.

ಟ್ಯಾಬಿನ ದೊಡ್ಡ ಗುಣ, ಆ್ಯಪಿನಲ್ಲಿ ಚಿತ್ರ ಒತ್ತಿದರೆ ಅದು ದನಿ ಕೊಡುತ್ತದೆ. ಇಂಥ ಆ್ಯಪ್‌ಗಳಲ್ಲಿ ಮುಂಬಯಿ ಐಐಟಿಯಲ್ಲಿ ರೂಪುಗೊಂಡ ಜೆಲ್ಲೋ ಉಚಿತ. ಚೆನ್ನೈನಲ್ಲಿ ಹುಟ್ಟಿದ ಆವಾಜ್‌ಗೆ ದುಡ್ಡು ಕೊಡಬೇಕು. ಯಾವುದೇ ಇರಲಿ, ಆಂಡ್ರಾಯ್ಡ್‌ನಲ್ಲಿ ಕನ್ನಡ ದನಿ ಬರಬೇಕಾದರೆ ಸೆಟ್ಟಿಂಗ್ಸ್‌ನ 'ಟೆಕ್ಸ್ಟ್ ಟು ಸ್ಪೀಚ್' ಭಾಗದಲ್ಲಿ ಕನ್ನಡದ ಧ್ವನಿಯನ್ನು ಮೊದಲೇ ಇಳಿಸಿಕೊಳ್ಳಿ, ಏರೋಪ್ಲೇನ್ ಮೋಡ್ ಹಾಕಿ ಮಾತಾಡುತ್ತದೆಯೇ ನೋಡಿ. ಇಳಿಸದೆ ಬಿಟ್ಟರೆ ನೆಟ್‌ವರ್ಕ್ ಸಿಗದ ಕಡೆ ಟ್ಯಾಬ್ ಮೂಕವಾಗುತ್ತದೆ. ಜಿಂಕ್ ಶೀಟಿನ ಮಾಡಿನ ಕೆಳಗೆ ಮಳೆ ಹೊಯ್ಯುವಾಗ ಅದರ ಸಣ್ಣ ಸ್ಪೀಕರ್ ಕೇಳಿಸುವುದೇ ಇಲ್ಲ. ಒದ್ದೆ ಬೆರಳಿಗೆ ತೆರೆ ಸರಿಯಾಗಿ ಸ್ಪಂದಿಸುವುದಿಲ್ಲ. ಕರೆಂಟು ದಿನಗಟ್ಟಲೆ ಹೋದರೆ ಮಗುವಿನ ಮಾತೂ ಹೋದಂತೆ. ಎಲ್ಲಕ್ಕಿಂತ ದೊಡ್ಡ ತೊಡಕು ಕಾರ್ಟೂನು. ವಿಡಿಯೋ ನೋಡುವ ಟ್ಯಾಬೇ ಮಾತಿನ ಟ್ಯಾಬೂ ಆದರೆ ಮಗು ಆ್ಯಪ್ ಮುಚ್ಚಿ ವಿಡಿಯೋಗೇ ಹೋಗುತ್ತದೆ. ಒಂದೇ ಆ್ಯಪಿನಲ್ಲಿ ನಿಲ್ಲಿಸುವ 'ಆ್ಯಪ್ ಪಿನ್ನಿಂಗ್' ಹಾಕಿ, ಯೂಟ್ಯೂಬನ್ನು ಅದರಿಂದ ತೆಗೆದುಬಿಡಿ.

ದುಡ್ಡಿನ ಲೆಕ್ಕ: ರೆಕ್ಸಿನ್, ವೆಲ್ಕ್ರೋ, ಪ್ರಿಂಟು, ಲ್ಯಾಮಿನೇಷನ್, ಹೊಲಿಗೆ ಸೇರಿ ಐವತ್ತು ಕಾರ್ಡಿನ ಪುಸ್ತಕ ಸಾವಿರ ರೂಪಾಯಿಯ ಆಸುಪಾಸಿಗೆ ಮುಗಿಯುತ್ತದೆ. ಉಳಿದದ್ದನ್ನು ಸ್ಪೀಚ್ ಥೆರಪಿಸ್ಟರಿಗೆ ಇಡಿ. ಮೌಲ್ಯಮಾಪನಕ್ಕೆ ಮೈಸೂರಿನ ವಾಕ್ ಶ್ರವಣ ಸಂಸ್ಥೆಗೆ ಒಂದು ಸಲ ಹೋಗಿಬರುವುದು ಸಾರ್ಥಕ. ಅಂಗವೈಕಲ್ಯ ಪ್ರಮಾಣಪತ್ರ ಮಾಡಿಸಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆಗೆ ಅರ್ಜಿ ಹಾಕಿ. ಅದರ ಮಿತಿ ವರ್ಷಕ್ಕೆ 1 ಲಕ್ಷ ರೂಪಾಯಿ, ಥೆರಪಿಯ ಖರ್ಚಿಗೂ ಅದರಲ್ಲಿ ಪಾಲಿದೆ.

ಟ್ಯಾಬಿಗೆ ದಾಟುವ ಹೊತ್ತು ತಾನಾಗಿ ಗೊತ್ತಾಗುತ್ತದೆ: ಮಗು ಪುಸ್ತಕವನ್ನು ಹುಡುಕಿ ತಂದು, ಎರಡು ಮೂರು ಕಾರ್ಡು ಜೋಡಿಸಿ ಕೊಡುತ್ತಿರುತ್ತದೆ, ಕಾರ್ಡುಗಳು ನೂರು ದಾಟಿ ಪುಸ್ತಕ ಹೊರಲು ಭಾರವಾಗಿರುತ್ತದೆ. ಆಗ ಅವೇ ಫೋಟೋಗಳನ್ನು ಅದೇ ಜಾಗದಲ್ಲಿ ಬರುವಂತೆ ಆ್ಯಪಿಗೆ ಹಾಕಿ. ಪುಸ್ತಕವನ್ನು ಮಾತ್ರ ಮಗುವಿಗೆ ಎಟುಕುವ ಗೂಟದಲ್ಲೇ ಬಿಡಿ, ಚಾರ್ಜು ಮುಗಿದಾಗ ಬೇಕಾಗುತ್ತದೆ.