ಕರಡಿ ಸ್ಪ್ರೇ ಸೊಂಟಕ್ಕೋ, ಎದೆಗೋ? ಇಲ್ಲಾ ಪಿಸ್ತೂಲೇ ಸಾಕೋ?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಎದೆಗೆ ಕಟ್ಟಿಕೊಳ್ಳುವ ಸ್ಪ್ರೇಗೆ. ಕರಡಿ ಸ್ಪ್ರೇ ಅಂದರೆ ನುಗ್ಗಿ ಬರುವ ಕರಡಿಯ ಮುಖಕ್ಕೆ ಹೊಡೆಯುವ ಖಾರದ ಕ್ಯಾನ್. ಅಮೆರಿಕದ ಮೊಂಟಾನಾ ರಾಜ್ಯದ ಗ್ಯಾಲಟಿನ್ ಬೆಟ್ಟಗಳಲ್ಲಿ ಮೂರು ಸೀಸನ್ ಎಲ್ಕ್ ಶಿಕಾರಿಗೆ ಹೋಗಿ, ಮೂರೂ ಬಗೆ ಹೊತ್ತು ನೋಡಿದ್ದೇನೆ. ಎಲ್ಕ್ ಅಂದರೆ ನಮ್ಮ ಕಡವೆಗಿಂತ ದೊಡ್ಡ ಜಿಂಕೆ.

ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನಕ್ಕೆ ಅಂಟಿಕೊಂಡ ಈ ಕಾಡು ಗ್ರಿಜ್ಲಿ ಕರಡಿಗಳ ಜಾಗ. ಚಾರಣದವರಿಗೆ ಗಟ್ಟಿಯಾಗಿ ಮಾತಾಡುತ್ತಾ ನಡೆಯಿರಿ ಅನ್ನುತ್ತಾರೆ. ಶಿಕಾರಿಯವರು ಮಾಡುವುದು ಪೂರ್ತಿ ಉಲ್ಟಾ. ನಸುಕಿನಲ್ಲಿ, ಸದ್ದಿಲ್ಲದೆ, ಗಾಳಿಗೆ ಎದುರಾಗಿ ನಡೆಯುತ್ತೇವೆ. ನಾವು ಬಂದದ್ದೇ ಕರಡಿಗೆ ಗೊತ್ತಾಗುವುದಿಲ್ಲ. ಅದು ಗಂಟೆಗೆ 55 ಕಿ.ಮೀ. ವೇಗದಲ್ಲಿ ಓಡಬಲ್ಲದು, ಅಂದರೆ ಸೆಕೆಂಡಿಗೆ 15 ಮೀಟರ್. ಹಾಗಾಗಿ ಕೈ ಹಾಕಿದ ಕಡೆ ಕ್ಯಾನ್ ಇರಲೇಬೇಕು.

ಮೊದಲ ವರ್ಷ ಕೊಂಡದ್ದು ಸೊಂಟದ ಪೌಚ್. ಅಗ್ಗ, ಕ್ಯಾನ್ ಜೊತೆಗೇ ಸಿಕ್ಕಿತು. ಪ್ಯಾಂಟಿನ ಬೆಲ್ಟಿಗೆ ಹಾಕಿಕೊಂಡೆ. ಮೇಲೆ ಬ್ಯಾಗಿನ ಸೊಂಟಪಟ್ಟಿ ಬಿಗಿದ ಕೂಡಲೇ ಕ್ಯಾನ್ ಅದರಡಿ ಸಿಕ್ಕಿಕೊಂಡಿತು. ಎಳೆದರೆ ಬರುವುದಿಲ್ಲ, ನಡೆದರೆ ಮೂಳೆಗೆ ಒತ್ತುತ್ತದೆ. ಒಂದು ಗಂಟೆಯಲ್ಲಿ ಸಾಕಾಗಿ ಅದನ್ನು ಬ್ಯಾಗಿನ ಪಟ್ಟಿಗೇ ವರ್ಗಾಯಿಸಿದೆ. ತುಂಬ ಜನ ಹೀಗೇ ಮಾಡುತ್ತಾರೆ. ತಪ್ಪಾದದ್ದು ಅಲ್ಲೇ.

ಅಕ್ಟೋಬರ್ ಕೊನೆ, ಸಂಜೆ ನಾಲ್ಕರ ಸುಮಾರು. ಗೆಳೆಯ ಒಂದು ಹೆಣ್ಣು ಎಲ್ಕ್ ಹೊಡೆದ. ಬ್ಯಾಗನ್ನು ಪೈನ್ ಮರಕ್ಕೆ ಒರಗಿಸಿ ಕರುಳು ತೆಗೆಯಲು ಕೂತೆ. ಮೊಣಕೈವರೆಗೂ ರಕ್ತ, ಕೈಯಲ್ಲಿ ಚಾಕು ಜಾರುತ್ತಿತ್ತು. ಬಿಸಿ ಕರುಳಿನಿಂದ ಹಬೆ ಏಳುತ್ತಿತ್ತು. ಹಿಂದೆ ಕೊಂಬೆ ಮುರಿದ ಸದ್ದು. ಕೈ ತಾನಾಗಿ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇಲ್ಲ. ಕ್ಯಾನ್ ಇಪ್ಪತ್ತು ಹೆಜ್ಜೆ ಆಚೆ, ಬ್ಯಾಗಿನ ಜೊತೆ.

ಬಂದದ್ದು ಒಂದು ಮೂಸ್, ಎಲ್ಕ್‌ಗಿಂತಲೂ ದೊಡ್ಡ ಜಿಂಕೆ, ಸುಮ್ನೆ ನೋಡಿ ಹೋಯಿತು. ಆದರೆ ರಕ್ತದ ವಾಸನೆಗೆ ಕರಡಿ ಬರುವ ಹೊತ್ತು ಅದೇ, ಬ್ಯಾಗ್ ಇಳಿಸುವ ಹೊತ್ತೂ ಅದೇ. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಎದೆಯ ಪೌಚ್ ಬೈನಾಕ್ಯುಲರ್ ಪಟ್ಟಿಯ ಕೆಳಗೆ ಕೂರುತ್ತದೆ. ಬ್ಯಾಗ್ ಇಳಿಸಿದರೂ ಮೈಮೇಲೇ ಇರುತ್ತದೆ. ಯಾವ ಕೈಯಿಂದ ಬೇಕಾದರೂ ತೆಗೆಯಬಹುದು, ಬೆನ್ನ ಮೇಲೆ ಬಿದ್ದರೂ ಸಿಗುತ್ತದೆ. ತೆವಳುವಾಗ ಮಾತ್ರ ಚುಚ್ಚುತ್ತದೆ.

ಎರಡನೇ ವರ್ಷ ಗೆಳೆಯನ 10 ಎಂಎಂ ಪಿಸ್ತೂಲ್ ಹೊತ್ತಿದ್ದೆ. ಭಾರ ಜಾಸ್ತಿ. ನುಗ್ಗಿ ಬರುವ ಕರಡಿಗೆ ಗುರಿ ಇಡಲು ವರ್ಷವಿಡೀ ಅಭ್ಯಾಸ ಬೇಕು, ಗುಂಡಿಗೆ ದುಡ್ಡು ಬೇಕು. ನನ್ನ ಬಳಿ ಎರಡೂ ಇಲ್ಲ. ಸ್ಪ್ರೇಗೆ ಅಷ್ಟು ಗುರಿ ಬೇಡ, ಎಂಟು ಹತ್ತು ಮೀಟರ್ ದೂರಕ್ಕೆ ಮೋಡದ ಹಾಗೆ ಹರಡುತ್ತದೆ. ಒಳಗಿರುವುದು ನಮ್ಮ ಸೂಜಿಮೆಣಸಿನ ಖಾರವೇ. ಅಲಾಸ್ಕಾದ ಘಟನೆಗಳನ್ನು ಜೋಡಿಸಿ 2008ರಲ್ಲಿ ಬಂದ ಅಧ್ಯಯನದಲ್ಲಿ, ಗ್ರಿಜ್ಲಿ ಸೇರಿದ ಕಂದು ಕರಡಿಗಳ ಮೇಲೆ ಸ್ಪ್ರೇ ನೂರಕ್ಕೆ 92 ಸಲ ಕೆಲಸ ಮಾಡಿತ್ತು. ಎದುರು ಗಾಳಿ ಜೋರಾಗಿದ್ದರೆ ಖಾರ ನಮ್ಮ ಮುಖಕ್ಕೇ ಬರುತ್ತದೆ, ಅದು ನಿಜ. ಚಳಿಯಲ್ಲಿ ಒತ್ತಡವೂ ಕುಗ್ಗುತ್ತದೆ, ಹಾಗಾಗಿ ರಾತ್ರಿ ಕ್ಯಾನನ್ನು ಮಲಗುವ ಚೀಲದೊಳಗೇ ಇಟ್ಟುಕೊಳ್ಳುತ್ತೇನೆ.

ಸೊಳ್ಳೆ ಔಷಧಿ ಥರ ಟೆಂಟಿಗೆ ಹೊಡೆಯಬೇಡಿ, ಆ ವಾಸನೆಗೆ ಕರಡಿ ಹತ್ತಿರ ಬರಬಹುದು. ವಿಮಾನದಲ್ಲಂತೂ ಒಯ್ಯುವ ಹಾಗಿಲ್ಲ, ಇಲ್ಲಿ ಇಳಿದ ಮೇಲೇ ಕೊಳ್ಳಬೇಕು.

ಕ್ಯಾನಿಗೆ 45 ಡಾಲರ್, ಎದೆ ಪೌಚಿಗೆ 40 ಕೊಟ್ಟೆ. ವರ್ಷಕ್ಕೆ ಆರೇಳು ಸಲ, ಒಬ್ಬನೇ ಗೆಳೆಯನ ಜೊತೆ ಹೋಗುವ ನನಗೆ ಇದೇ ಸರಿ. ಈಗ ಒಬ್ಬ ಕೊಯ್ಯುವಾಗ ಇನ್ನೊಬ್ಬ ಬೆನ್ನು ಕೊಟ್ಟು ಕಾಡಿನ ಕಡೆ ನೋಡುತ್ತಾ ನಿಲ್ಲುತ್ತೇವೆ. ಇಬ್ಬರ ಎದೆ ಮೇಲೂ ಒಂದೊಂದು ಕ್ಯಾನ್ ಇರುತ್ತದೆ.